ಹೊರಬಾಗಿಲಿನ ಚರಿತ್ರೆ: ಮುಂಬಯಿಯ ಕ್ಯಾಥೊಲಿಕ್ ಅನಾಥಾಲಯಗಳು ಮತ್ತು ಅಲ್ಲಿ ಬೆಳೆದವರ ಮುಂದಿನ ಬಾಳು

೧

ಮುಂಬಯಿಯಲ್ಲಿ ಇಬ್ಬರು ಕನ್ನಡಿಗರು ಮೊದಲ ಬಾರಿಗೆ ಸಂಧಿಸಿದಾಗ ಕುಶಲಪ್ರಶ್ನೆಯ ಬೆನ್ನಿಗೇ ಬರುವ ಮಾತೊಂದುಂಟು: ‘ತಮ್ಮ ಊರು ಯಾವುದಾಯಿತು?’ ಕೇಳುವವರಿಗೆ ಇದು ಸಹಜವಾದ ಸೌಜನ್ಯ. ಉತ್ತರಿಸುವವರಿಗೆ ಇದು ನಗರದೊಳಕ್ಕೆ ಪ್ರವೇಶಪತ್ರ. ಊರಿನ ಹೆಸರು ಹೊರಬಿದ್ದೊಡನೆ ಮನೆತನ ತಿಳಿಯುತ್ತದೆ, ನಂಟು ತಿಳಿಯುತ್ತದೆ, ಯಾರ ಮುಖಾಂತರ ಯಾವ ಕಚೇರಿಯಲ್ಲಿ ಮಾತಾಡಬೇಕೆಂಬುದು ತಿಳಿಯುತ್ತದೆ. ವಲಸೆ ಬಂದ ಕನ್ನಡಿಗರು ಈ ನಗರದಲ್ಲಿ ಕಟ್ಟಿಕೊಂಡ ಸಂಸ್ಥೆಗಳಲ್ಲಿ ಬಹುಪಾಲು ಈ ಪ್ರಶ್ನೆಯ ಅಡಿಗಲ್ಲಿನ ಮೇಲೆಯೇ ನಿಂತಿವೆ. ೧೯೦೨ರ ಮೊಗವೀರ ವ್ಯವಸ್ಥಾಪಕ ಮಂಡಳಿ, ೧೯೦೬ರ ಶಾಮರಾವ್ ವಿಠ್ಠಲ್ ಸಹಕಾರಿ ಸಂಘ, ೧೯೧೫ರ ಗಾಮದೇವಿಯ ಸಾರಸ್ವತ ಗೃಹನಿರ್ಮಾಣ ಸಂಘ, ೧೯೨೭ರ ಬಂಟರ ಸಂಘ, ಇವೆಲ್ಲವೂ ಹುಟ್ಟಿನಿಂದ ಬಂದ ನಂಟನ್ನು ಪರಸ್ಥಳದಲ್ಲಿ ಉಪಕಾರವನ್ನಾಗಿ ಪರಿವರ್ತಿಸಿದ ಸಂಸ್ಥೆಗಳು. ಹದಿನಾರರ ಹುಡುಗ ಹಡಗಿನಿಂದಲೋ ರೈಲಿನಿಂದಲೋ ಇಳಿದಾಗ ಅವನ ಕಿಸೆಯಲ್ಲಿ ಹಣವಿಲ್ಲದಿರಬಹುದು. ಆದರೆ ಒಂದು ಚೀಟಿ ಇರುತ್ತಿತ್ತು, ಆ ಚೀಟಿಯಲ್ಲಿ ಒಂದು ಹೆಸರು ಇರುತ್ತಿತ್ತು.

ಇದೇ ನಗರದಲ್ಲಿ, ಇದೇ ಹದಿನಾರು ಹದಿನೆಂಟರ ವಯಸ್ಸಿನಲ್ಲಿ, ಚೀಟಿಯೂ ಇಲ್ಲದೆ ಹೆಸರೂ ಇಲ್ಲದೆ ಬೀದಿಗೆ ಕಾಲಿಟ್ಟ ಇನ್ನೊಂದು ವರ್ಗದ ತರುಣ ತರುಣಿಯರಿದ್ದರು. ಅವರು ದೂರದಿಂದ ಬಂದವರಲ್ಲ. ಬಾಂದ್ರಾ, ಮಝಗಾಂವ್, ಪರೇಲ್, ಅಂಧೇರಿಗಳಲ್ಲಿಯೇ ಬೆಳೆದವರು. ಕ್ಯಾಥೊಲಿಕ್ ಅನಾಥಾಲಯಗಳ ಆವರಣದಿಂದ ಹೊರಬಂದ ಅವರಿಗೆ ಮುಂಬಯಿ ಹುಟ್ಟೂರಾಗಿಯೂ ಪರವೂರಾಗಿತ್ತು. ಅನಾಥಾಲಯಗಳ ಚರಿತ್ರೆಯನ್ನು ಬರೆದವರು ಸಾಮಾನ್ಯವಾಗಿ ಒಳಬಾಗಿಲಲ್ಲಿ ನಿಂತು ಬರೆದಿದ್ದಾರೆ: ಎಷ್ಟು ಮಕ್ಕಳನ್ನು ಸೇರಿಸಿಕೊಂಡರು, ಯಾರು ದಾನ ಕೊಟ್ಟರು, ಯಾವ ವರ್ಷ ಕಟ್ಟಡವೆದ್ದಿತು ಎಂದು. ಆದರೆ ಅನಾಥಾಲಯದ ಬೆಲೆ ತಿಳಿಯುವುದು ಹೊರಬಾಗಿಲಲ್ಲಿ. ಸೇರಿಸಿಕೊಂಡ ಮಗುವನ್ನು ಬೆಳೆಸಿ ಯಾರ ಕೈಗೆ ಒಪ್ಪಿಸಿದರು ಎಂಬ ಪ್ರಶ್ನೆಯನ್ನಿಟ್ಟುಕೊಂಡು ನೋಡಿದರೆ ಈ ನಗರದ ನಾಲ್ಕುನೂರು ವರ್ಷಗಳ ವೃತ್ತಾಂತ ಬೇರೆ ರೀತಿಯಲ್ಲಿಯೇ ಕಾಣುತ್ತದೆ.

೨

ಕರಾವಳಿಯ ಕನ್ನಡಿಗರಿಗೆ ಈ ವೃತ್ತಾಂತದ ಮೊದಲ ಅಧ್ಯಾಯ ಅಪರಿಚಿತವಲ್ಲ. ೧೫೫೯ರ ಮಾರ್ಚಿಯಲ್ಲಿ ಪೋರ್ಚುಗಲ್ಲಿನ ರಾಜಾಜ್ಞೆಯೊಂದು ಗೋವೆಗೆ ಅನ್ವಯಿಸುವಂತೆ ಹೊರಟಿತು. ತಂದೆ, ತಾಯಿ, ಅಜ್ಜ, ಅಜ್ಜಿಯರಿಲ್ಲದ ಹಿಂದೂ ಮಕ್ಕಳನ್ನು ಗೋವೆಯ ಸಂತ ಪಾವ್ಲನ ವಿದ್ಯಾಲಯಕ್ಕೆ ಒಪ್ಪಿಸಿ, ಅಲ್ಲಿ ಅವರಿಗೆ ಜ್ಞಾನಸ್ನಾನ ಕೊಟ್ಟು ಬೆಳೆಸಬೇಕೆಂಬುದು ಅದರ ತಾತ್ಪರ್ಯ. ಆಚರಣೆಯಲ್ಲಿ ತಂದೆ ಸತ್ತ ಮಗುವೇ ಅನಾಥವೆಂದೆನಿಸಿಕೊಂಡ ಸಂದರ್ಭಗಳೂ ಉಂಟು. ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವಂದಿರು ತುಂಬಿದ ಅವಿಭಕ್ತ ಕುಟುಂಬಕ್ಕೆ ‘ಅನಾಥ’ ಎಂಬ ಪರಭಾಷೆಯ ಕಾನೂನುಪದದ ಅರ್ಥವೇ ಆಗಲಿಲ್ಲ. ತಮ್ಮ ಮಗುವನ್ನು ಅನ್ಯರು ಒಯ್ಯುವರೆಂಬುದು ಮಾತ್ರ ಅರ್ಥವಾಯಿತು. ಸಾರಸ್ವತರೇ ಮೊದಲಾದವರು ಗೋವೆಯನ್ನು ಬಿಟ್ಟು ಕನ್ನಡ ಜಿಲ್ಲೆಗಳ ಕಡೆಗೆ ಸರಿದುದಕ್ಕೆ ಕೊಡುವ ಕಾರಣಗಳಲ್ಲಿ ಇದೂ ಒಂದು. ಆಮೇಲೆ ಮೂರೂವರೆ ಶತಮಾನಗಳು ಕಳೆದು ಅವರ ವಂಶಜರು ಮುಂಬಯಿಗೆ ಬಂದು ಸಹಕಾರಿ ಸಂಘಗಳನ್ನು ಸ್ಥಾಪಿಸಿದರು.

ಅನಾಥಾಲಯವೆಂದರೆ ಮತಾಂತರದ ಸಾಧನವೆಂಬ ಸಂಶಯ ಈ ದೇಶದಲ್ಲಿ ಬೇರೂರಿದ್ದಕ್ಕೆ ಇಂಥ ಇತಿಹಾಸವೇ ಆಧಾರ; ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಆದರೆ ಅಷ್ಟಕ್ಕೇ ನಿಲ್ಲುವುದೂ ನ್ಯಾಯವಲ್ಲ. ಏಕೆಂದರೆ ಅದೇ ಪೋರ್ಚುಗೀಜ್ ರಾಜ್ಯವು ತನ್ನ ಸ್ವಂತ ಅನಾಥರ ವಿಷಯದಲ್ಲಿ ಹೊರಬಾಗಿಲಿನ ಪ್ರಶ್ನೆಯನ್ನು ಬಹು ಸ್ಪಷ್ಟವಾಗಿ ಎದುರಿಸಿತ್ತು. ಹದಿನಾರನೆಯ ಶತಮಾನದ ಮಧ್ಯಭಾಗದಿಂದ ‘ರಾಜನ ಅನಾಥೆಯರು’ ಎಂಬ ಹೆಸರಿನಿಂದ ಲಿಸ್ಬನ್ನಿನ ತರುಣಿಯರನ್ನು ಹಡಗಿನಲ್ಲಿ ಗೋವೆಗೆ ಕಳುಹಿಸಿ, ಅಲ್ಲಿ ಪೋರ್ಚುಗೀಜರಿಗೆ ಮದುವೆ ಮಾಡಿಕೊಡುತ್ತಿದ್ದರು. ವಧುವಿನೊಡನೆ ವರದಕ್ಷಿಣೆಯಾಗಿ ಬರುತ್ತಿದ್ದುದು ಬಂಗಾರವಲ್ಲ, ಸರಕಾರದ ಹುದ್ದೆ: ವರನು ಕೋಟೆಯಲ್ಲಿಯೋ ಸುಂಕದ ಕಟ್ಟೆಯಲ್ಲಿಯೋ ಅಧಿಕಾರಿಯಾಗುತ್ತಿದ್ದನು. ವಸಾಯಿಯನ್ನು ರಾಜಧಾನಿಯಾಗಿ ಉಳ್ಳ ಉತ್ತರ ಪ್ರಾಂತದಲ್ಲಿ ಭೂಮಿಯೂ ಹೀಗೆ ಸ್ತ್ರೀಧನವಾಗಿ ಸಂದುದುಂಟು. ಬಾಂದ್ರಾ, ಅಂಧೇರಿಗಳನ್ನೊಳಗೊಂಡ ಸಾಷ್ಟಿ ದ್ವೀಪವು ೧೫೩೪ರಿಂದ ಮರಾಠರು ಗೆಲ್ಲುವ ತನಕ, ಎಂದರೆ ೧೭೩೭ರ ವರೆಗೆ, ಈ ಪ್ರಾಂತಕ್ಕೆ ಸೇರಿತ್ತು.

ಆ ತರುಣಿಯರ ಇಚ್ಛೆಯನ್ನು ಯಾರೂ ಕೇಳಲಿಲ್ಲ. ಆದರೂ ಒಂದು ಮಾತು ನಿಜ. ಅನಾಥೆಗೆ ಅನ್ನವನ್ನಿಕ್ಕಿ ಬೆಳೆಸಿದರೆ ಸಾಲದು, ಲೋಕದಲ್ಲಿ ಒಂದು ಸ್ಥಾನವನ್ನು ಹಿಡಿದುಕೊಟ್ಟು ಕಳುಹಿಸಬೇಕೆಂಬ ತಿಳಿವಳಿಕೆ ಆ ವ್ಯವಸ್ಥೆಯಲ್ಲಿತ್ತು. ಮುಂದಿನ ಕಾಲದ ದಯಾಳುಗಳು ಎಷ್ಟೋ ಸಲ ಇದನ್ನೇ ಮರೆತರು.

೩

ಮುಂಬಯಿಯ ಆಧುನಿಕ ಕ್ಯಾಥೊಲಿಕ್ ಅನಾಥಾಲಯಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಸೃಷ್ಟಿ. ೧೮೫೦ರ ದಶಕದಲ್ಲಿ ಮುಂಬಯಿ ಮಿಶನ್ ಜರ್ಮನ್ ಜೆಸ್ವಿತರ ವಶಕ್ಕೆ ಬಂದಿತು. ಅವರು ೧೮೬೩ರಲ್ಲಿ ಬಾಂದ್ರಾದಲ್ಲಿ ಸಂತ ಸ್ಟಾನಿಸ್ಲಾಸನ ಹೆಸರಿನ ಸಂಸ್ಥೆಯನ್ನು ದೇಶೀಯ ಬಾಲಕರ ಅನಾಥಾಲಯವಾಗಿ ಆರಂಭಿಸಿದರು. ಮರುವರ್ಷ ಮಝಗಾಂವದಲ್ಲಿ ಸೇಂಟ್ ಮೇರೀಸ್ ಸಂಸ್ಥೆ ಹುಟ್ಟಿತು. ಬೆಲ್ಜಿಯಮ್ಮಿನ ಲಿಯೇಜ್ ನಗರದಲ್ಲಿ ೧೮೩೩ರಲ್ಲಿ ಸ್ಥಾಪಿತವಾದ ‘ಶಿಲುಬೆಯ ಪುತ್ರಿಯರು’ ಎಂಬ ಸಂನ್ಯಾಸಿನಿಯರ ಸಭೆಯು ೧೮೬೦ರ ದಶಕದಲ್ಲಿ ಈ ಮಿಶನ್ನಿಗೆ ಬಂದು ಹೆಣ್ಣುಮಕ್ಕಳ ಹೊಣೆಯನ್ನು ವಹಿಸಿಕೊಂಡಿತು. ಅಂಧೇರಿಯ ಸೇಂಟ್ ಕ್ಯಾಥರೀನ್ಸ್ ಹೋಮ್ ಇಪ್ಪತ್ತನೆಯ ಶತಮಾನದಲ್ಲಿ ಬೆಳೆದುದು ಇದೇ ಸಭೆಯ ಆಶ್ರಯದಲ್ಲಿ.

ಈ ಮನೆಗಳು ತುಂಬಿದುದು ದೈವಭಕ್ತಿಯಿಂದಲ್ಲ, ದುರ್ಭಿಕ್ಷದಿಂದ. ೧೮೭೬–೭೮ರ ಮಹಾಕ್ಷಾಮ ವಿಜಾಪುರ, ಧಾರವಾಡ, ಬೆಳಗಾಂವಿಯ ಕನ್ನಡ ಸೀಮೆಯನ್ನೂ ಕೂಡಿಕೊಂಡು ಇಡೀ ದಖನ್ನನ್ನು ಬರಿದುಮಾಡಿತು. ೧೮೯೬ರ ಸೆಪ್ಟೆಂಬರಿನಲ್ಲಿ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂಬಯಿಯ ಚಾಳುಗಳನ್ನು ಒಂದೊಂದಾಗಿ ಬರಿದುಗೊಳಿಸಿತು. ೧೮೯೯–೧೯೦೦ರಲ್ಲಿ ಮತ್ತೊಂದು ಬರ, ೧೯೧೮ರಲ್ಲಿ ಇನ್‌ಫ್ಲುಯೆಂಝಾ. ಗಿರಣಿಯ ನಗರದಲ್ಲಿ ಕೂಲಿಕಾರನ ಸಂಸಾರವೆಂಬುದು ಒಂದೇ ದಾರದ ಮೇಲೆ ತೂಗುತ್ತಿತ್ತು. ದಾರ ಹರಿದಾಗ ಮಗು ಕಾನ್ವೆಂಟಿನ ಬಾಗಿಲಿಗೆ ಬರುತ್ತಿತ್ತು.

ಇಲ್ಲಿ ಒಂದು ಭ್ರಮೆಯನ್ನು ನಿವಾರಿಸಬೇಕು. ಅನಾಥಾಲಯದಲ್ಲಿದ್ದವರೆಲ್ಲರೂ ಅನಾಥರಾಗಿರಲಿಲ್ಲ. ತಾಯಿ ಇದ್ದೂ ಸಾಕಲಾರದವಳು, ಹೆಂಡತಿ ಸತ್ತು ಹಡಗಿನ ಕೆಲಸಕ್ಕೆ ಹೋಗುವ ತಂದೆ, ಆಯಾ ಆಗಿ ಯಜಮಾನರ ಮನೆಯಲ್ಲಿಯೇ ಇರಬೇಕಾದ ವಿಧವೆ, ಇಂಥವರ ಮಕ್ಕಳೂ ಅಲ್ಲಿದ್ದರು. ರವಿವಾರ ಭೇಟಿಯ ಹೊತ್ತಿಗೆ ಕೆಲವರನ್ನು ಕಾಣಲು ಯಾರಾದರೂ ಬರುತ್ತಿದ್ದರು. ಮಿಕ್ಕವರು ಕಿಟಕಿಯಿಂದ ನೋಡುತ್ತಿದ್ದರು. ಒಂದೇ ಪಂಕ್ತಿಯಲ್ಲಿ ಉಂಡು, ಒಂದೇ ಬಟ್ಟೆಯುಟ್ಟು, ಒಂದೇ ಗಂಟೆಗೆ ಎದ್ದು ಮಲಗುವ ಮಕ್ಕಳಲ್ಲಿ ನಿಜವಾದ ಭೇದ ಇದೊಂದೇ ಆಗಿತ್ತು.

ಗಂಟೆಯೇ ಆ ಬಾಳಿನ ಪ್ರಭು. ಏಳುವುದು, ಪೂಜೆ, ಉಪಾಹಾರ, ಪಾಠ, ಕಾರ್ಯಶಾಲೆ, ಆಟ, ಜಪಮಾಲೆ, ನಿದ್ರೆ, ಎಲ್ಲವೂ ಗಂಟೆಯ ಮೇಲೆ. ನಗರದ ಬಡವರ ಮಕ್ಕಳು ಕಾಣದ ಎಷ್ಟೋ ಸೌಕರ್ಯ ಅಲ್ಲಿತ್ತು: ಹೊತ್ತಿಗೆ ಸರಿಯಾಗಿ ಊಟ, ಅಕ್ಷರ, ಆಟದ ಬಯಲು, ಸಂಗೀತ, ಕಾಯಿಲೆಗೆ ಔಷಧ. ಬಡವರ ಮಕ್ಕಳು ಕಲಿಯುವ ಎಷ್ಟೋ ವಿದ್ಯೆ ಅಲ್ಲಿರಲಿಲ್ಲ: ಅಂಗಡಿಯವನೊಡನೆ ಚೌಕಾಶಿ, ಸಾಲ ಹೇಳುವುದು, ಸಾಲ ಕೊಡದಿರುವುದು, ಅಕ್ಕಿ ಎಷ್ಟು ದಿನಕ್ಕೆ ಬರುತ್ತದೆಂಬ ಅಂದಾಜು, ಜಗಳವಾಡಿ ಮರುದಿನ ಮಾತಾಡುವುದು. ನೂರು ಜನರ ಅಡಿಗೆಗೆ ತರಕಾರಿ ಹೆಚ್ಚಿದ ಹುಡುಗಿಗೆ ಇಬ್ಬರಿಗೆ ಅನ್ನ ಮಾಡುವ ಅಳತೆ ತಿಳಿಯದು. ಹದಿನಾರು ವರ್ಷ ಬೇರೆಯವರು ಹೊಡೆದ ಗಂಟೆಗೆ ನಡೆದವನಿಗೆ ಗಂಟೆ ನಿಂತ ದಿನ ಕಾಲೇ ಏಳದು. ಇದು ಯಾವ ಒಬ್ಬ ಮೇಲ್ವಿಚಾರಕನ ತಪ್ಪೂ ಅಲ್ಲ. ಬಹುಜನರನ್ನು ಕೆಲವೇ ಜನ ಬೆಳೆಸುವ ಪದ್ಧತಿಯ ಫಲ.

ಕ್ಯಾಥೊಲಿಕರಿಗೇ ಇದು ಮೀಸಲಾಗಿದ್ದುದೂ ಅಲ್ಲ. ಮುಂಬಯಿಯ ಪ್ರಾರ್ಥನಾ ಸಮಾಜದವರು ೧೮೭೫ರಲ್ಲಿ ಪಂಢರಪುರದಲ್ಲಿ ಬಾಲಕಾಶ್ರಮವನ್ನು ಆರಂಭಿಸಿದರು. ವಿಠ್ಠಲನ ಊರಿನಲ್ಲಿ ತೊರೆದುಹೋದ ಶಿಶುಗಳನ್ನು ಸಾಕಿದ ಆ ಸಮಾಜಕ್ಕೆ ಮುಂದೆ ಹೊನ್ನಾವರದ ನಾರಾಯಣ ಚಂದಾವರಕರರು ಅಧ್ಯಕ್ಷರಾದರು. ಮತ ಬೇರೆಯಾದರೂ ಹೊರಬಾಗಿಲಿನ ಕಷ್ಟ ಎಲ್ಲರದೂ ಒಂದೇ.

೪

ಆ ಕಷ್ಟಕ್ಕೆ ಹತ್ತೊಂಬತ್ತನೆಯ ಶತಮಾನ ಕಂಡುಕೊಂಡ ಪರಿಹಾರ ಕಸುಬು. ಇಟಲಿಯ ಟುರಿನ್ ನಗರದಲ್ಲಿ ಪಾದ್ರಿ ಜಾನ್ ಬಾಸ್ಕೊ ೧೮೫೧–೫೨ರ ಸುಮಾರಿಗೆ ತನ್ನ ಹುಡುಗರನ್ನು ಕೆಲಸಕ್ಕೆ ಸೇರಿಸುವಾಗ ಯಜಮಾನರಿಂದ ಕರಾರುಪತ್ರಗಳನ್ನು ಬರೆಯಿಸಿಕೊಂಡರು: ಹುಡುಗನನ್ನು ಹೊಡೆಯಬಾರದು, ಕಸುಬಿನ ಕೆಲಸವನ್ನಲ್ಲದೆ ಮನೆಚಾಕರಿಯನ್ನು ಮಾಡಿಸಬಾರದು, ಹಬ್ಬದ ದಿನ ರಜೆ ಕೊಡಬೇಕು. ತಂದೆಯಿದ್ದಿದ್ದರೆ ತಂದೆ ಆಡಬಹುದಾಗಿದ್ದ ಮಾತನ್ನು ಕರಾರಿನ ಕಾಗದ ಆಡಿತು. ಬಾಸ್ಕೊ ಸ್ಥಾಪಿಸಿದ ಸಲೇಶಿಯನ್ ಸಭೆಯವರು ೧೯೨೮ರಲ್ಲಿ ಮುಂಬಯಿಗೆ ಬಂದರು. ಕನ್ನಡಿಗರಿಗೆ ಬಹು ಪರಿಚಿತವಾದ ಮಾಟುಂಗಾದಲ್ಲಿ ೧೯೪೦ರ ದಶಕದಲ್ಲಿ ನೆಲೆಯೂರಿದರು.

ಕನ್ನಡನಾಡಿನಲ್ಲಿ ಇದೇ ದಾರಿಯ ಅತ್ಯುತ್ತಮ ನಿದರ್ಶನ ಮಂಗಳೂರಿನ ಜೆಪ್ಪು. ೧೮೭೮ರ ಕೊನೆಯಲ್ಲಿ ಮಂಗಳೂರಿಗೆ ಬಂದ ಜೆಸ್ವಿತರು ಅಲ್ಲಿ ಅನಾಥರಿಗೂ ಹೊಸದಾಗಿ ಮತಕ್ಕೆ ಸೇರಿದವರಿಗೂ ಆಶ್ರಯವನ್ನು ಕಲ್ಪಿಸಿ, ಅದಕ್ಕೆ ಹೊಂದಿದಂತೆ ಸಂತ ಜೋಸೆಫರ ಹೆಸರಿನ ಕಾರ್ಯಶಾಲೆಯನ್ನು ನಡೆಸಿದರು. ಮರಗೆಲಸ, ಲೋಹದ ಕೆಲಸ, ವಿಗ್ರಹ ಕೆತ್ತನೆಗಳಲ್ಲಿ ಅಲ್ಲಿಯ ಹೆಸರು ದೂರದೂರದ ಇಗರ್ಜಿಗಳಿಗೆ ಮುಟ್ಟಿತು. ಪ್ರಾಟೆಸ್ಟಂಟರ ಬಾಸೆಲ್ ಮಿಶನ್ ಅದೇ ನಗರದಲ್ಲಿ ನೇಯ್ಗೆಯ ಶಾಲೆಯನ್ನೂ ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆದುದರಲ್ಲಿಯೂ ಇದೇ ವಿಚಾರವಿತ್ತು. ಜಾತಿಯ ನಂಟು ಕಳೆದುಕೊಂಡವನಿಗೆ ಕಸುಬಿನ ನಂಟು ಬೇಕು. ಇಲ್ಲವಾದರೆ ಮಿಶನ್ನಿನ ಅಂಗಳವೇ ಅವನ ಜೀವಾವಧಿಯ ಮನೆಯಾಗುತ್ತದೆ.

ಮುಂಬಯಿಯ ಹುಡುಗರು ಬಡಗಿಗಳಾದರು, ದರ್ಜಿಗಳಾದರು, ಮೊಳೆ ಜೋಡಿಸುವವರಾದರು, ರೈಲ್ವೆಯ ವರ್ಕ್‌ಶಾಪುಗಳಲ್ಲಿ ಫಿಟ್ಟರುಗಳಾದರು. ಇಂಥ ಮನೆಗಳಲ್ಲಿ ವಾದ್ಯವೃಂದ ಸಾಮಾನ್ಯವಾಗಿದ್ದುದರಿಂದ ಕಹಳೆ, ಕ್ಲಾರಿನೆಟ್ಟು ಕಲಿತವರಿಗೆ ಸೈನ್ಯದ ಹಾಗೂ ಪೋಲೀಸರ ಬ್ಯಾಂಡುಗಳು ಒಂದು ದಾರಿಯಾದವು. ಸೈನ್ಯವು ಅನಾಥನಿಗೆ ಹೊಂದಿಕೆಯಾಗುವುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯೂ ಗಂಟೆ ಉಂಟು, ಪಂಕ್ತಿಯೂಟ ಉಂಟು, ಸಮವಸ್ತ್ರ ಉಂಟು. ಊರು ಯಾವುದೆಂದು ಕೇಳಿದರೆ ರೆಜಿಮೆಂಟಿನ ಹೆಸರು ಹೇಳಿದರೆ ಆಯಿತು. ಕಷ್ಟ ಬರುತ್ತಿದ್ದುದು ನಿವೃತ್ತಿಯಾದ ಮೇಲೆ, ಎರಡನೆಯ ಸಲ ಹೊರಬಾಗಿಲು ದಾಟುವಾಗ.

ಹೆಣ್ಣುಮಕ್ಕಳಿಗೆ ದಾರಿಗಳು ಕಡಮೆ: ಹೊಲಿಗೆ, ಕಸೂತಿ, ದಾದಿತನ, ಶಿಕ್ಷಕಿಯ ವೃತ್ತಿ, ಮನೆಗೆಲಸ, ಕಾನ್ವೆಂಟು, ಮದುವೆ. ಇವುಗಳಲ್ಲಿ ಮದುವೆಯೇ ರಾಜಮಾರ್ಗವೆಂದು ಎಣಿಸಲಾಗಿತ್ತು. ವರನು ತನ್ನ ಧರ್ಮಕೇಂದ್ರದ ಗುರುವಿನ ಪತ್ರದೊಡನೆ ಮಠದ ಹಿರಿಯ ಸಿಸ್ಟರನ್ನು ಕಾಣಬೇಕು. ಅವರು ಅವನ ಸಂಬಳ, ಕುಡಿತ, ನಡತೆಗಳನ್ನು ವಿಚಾರಿಸಬೇಕು. ಆಮೇಲೆ ಹುಡುಗಿಯನ್ನು ಕರೆಯಬೇಕು. ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಮದುವೆಯ ಮುನ್ನಾದಿನ ತೆಂಗಿನ ಹಾಲೆರೆಯುವ ‘ರೋಸ್’ ಎಂಬ ಶಾಸ್ತ್ರವುಂಟು. ತಾಯಿ, ಅತ್ತೆ, ಸೋದರತ್ತೆಯರು ಎರೆಯಬೇಕಾದ ಹಾಲು ಅದು. ಅನಾಥೆಯ ತಲೆಗೆ ಯಾರು ಎರೆಯಬೇಕು? ಜೊತೆಯಲ್ಲಿ ಬೆಳೆದ ಗೆಳತಿಯರೋ, ಮದುವೆಯೇ ಆಗದ ಸಂನ್ಯಾಸಿನಿಯರೋ ಆ ಸ್ಥಾನದಲ್ಲಿ ನಿಲ್ಲಬೇಕಾಗಿತ್ತು. ಮದುವೆಯಾದ ಮೇಲೆ ಗಂಡ ಹೊಡೆದರೆ ಎಲ್ಲಿಗೆ ಓಡಿಬರಬೇಕು, ಚೊಚ್ಚಲ ಬಸುರಿಗೆ ಯಾರ ಮನೆಗೆ ಹೋಗಬೇಕು ಎಂಬ ಪ್ರಶ್ನೆಗಳಿಗೆ ಕಾನ್ವೆಂಟಿನ ಬಾಗಿಲೊಂದೇ ಉತ್ತರ. ತವರು ಎಂಬ ಪದದ ಬೆಲೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆ ಬಾಗಿಲನ್ನು ತೆರೆದಿಟ್ಟ ಮಠಗಳು ಅನಾಥಾಲಯವೆಂಬ ಹೆಸರನ್ನು ಮೀರಿದವು. ಮುಚ್ಚಿದವುಗಳು ಕೇವಲ ವಸತಿಗೃಹಗಳಾಗಿ ಉಳಿದವು.

೫

ಮುಂಬಯಿಯ ಧೋಬಿ ತಲಾವ್, ಮಝಗಾಂವ್ ಭಾಗಗಳಲ್ಲಿ ಗೋವೆಯ ಕ್ರೈಸ್ತರ ‘ಕುಡ್’ ಎಂಬ ವಸತಿಗಳು ಒಂದು ಕಾಲಕ್ಕೆ ನೂರಾರು ಇದ್ದವು. ಕೆಲವು ಈಗಲೂ ಇವೆ. ಒಂದು ಕುಡ್ ಎಂದರೆ ಒಂದು ಹಳ್ಳಿ. ಆ ಹಳ್ಳಿಯವನು ಹಡಗಿನಿಂದ ಇಳಿದರೆ, ಕೆಲಸ ಕಳೆದುಕೊಂಡರೆ, ಆಸ್ಪತ್ರೆಗೆ ಬಂದರೆ ಅಲ್ಲಿ ಅವನಿಗೆ ಪೆಟ್ಟಿಗೆಯಿಡಲು ಜಾಗವುಂಟು, ಮಲಗಲು ಚಾಪೆಯುಂಟು, ಸಂಜೆಯ ಜಪಮಾಲೆಯುಂಟು. ಉಡುಪಿಯ ಹೊಟೇಲಿನಲ್ಲಿ ಊರಿನ ಹುಡುಗನಿಗೆ ದೊರೆಯುತ್ತಿದ್ದ ಆಶ್ರಯದ ಇನ್ನೊಂದು ರೂಪವಿದು.

ಅನಾಥಾಲಯದ ಹುಡುಗನು ಅದೇ ಮತದವನು, ಅದೇ ಪ್ರಾರ್ಥನೆಯನ್ನು ಬಲ್ಲವನು, ಬಹುಶಃ ಅದೇ ಕೊಂಕಣಿಯನ್ನು ಆಡುವವನು. ಆದರೆ ಕುಡ್ ಅವನನ್ನು ಸೇರಿಸಿಕೊಳ್ಳಲಾರದು, ಏಕೆಂದರೆ ಅವನಿಗೆ ಹಳ್ಳಿಯಿಲ್ಲ. ದ್ವೇಷದಿಂದ ಹೊರಗಿಟ್ಟುದಲ್ಲ, ಅವನನ್ನು ಬರೆದುಕೊಳ್ಳಲು ಪುಸ್ತಕದಲ್ಲಿ ಅಂಕಣವೇ ಇರಲಿಲ್ಲ. ಮತವು ದೇವರ ಮುಂದೆ ಎಲ್ಲರನ್ನೂ ಸಮಾನರನ್ನಾಗಿಸಿದರೂ ಮುಂಬಯಿಯಲ್ಲಿ ಕೋಣೆ ಕೊಡಿಸಿದ್ದು ಊರು ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ಹೆಸರಿನ ವಿಷಯವೂ ಹೀಗೆಯೇ. ಹೊಸಿಲಲ್ಲಿ ಸಿಕ್ಕಿದ ಮಗುವಿಗೆ ಆ ದಿನದ ಸಂತನ ಹೆಸರೋ ದಾನಿಯ ಹೆಸರೋ ಬೀಳಬಹುದು; ಹುಟ್ಟಿದ ದಿನವನ್ನು ಅಂದಾಜಿನಿಂದ ಬರೆಯಬೇಕು; ಜ್ಞಾನಸ್ನಾನದ ದಾಖಲೆಯಲ್ಲಿ ತಂದೆತಾಯಿಗಳು ಅಜ್ಞಾತರೆಂದು ಲ್ಯಾಟಿನಿನಲ್ಲಿ ನಮೂದಿಸಬೇಕು. ಈ ನಮೂದು ಬರಿಯ ಅಕ್ಷರವಲ್ಲ. ೧೯೧೭ರ ಇಗರ್ಜಿಯ ಧರ್ಮಸಂಹಿತೆಯ ಪ್ರಕಾರ ವಿವಾಹಬಾಹಿರವಾಗಿ ಹುಟ್ಟಿದವನು ವಿಶೇಷ ವಿನಾಯಿತಿಯಿಲ್ಲದೆ ಗುರುದೀಕ್ಷೆಯನ್ನು ಪಡೆಯುವಂತಿರಲಿಲ್ಲ. ೧೯೮೩ರ ಸಂಹಿತೆ ಆ ತಡೆಯನ್ನು ಕೈಬಿಟ್ಟಿತು. ತನ್ನನ್ನು ಸಾಕಿದ ಗುರುವಿನಂತೆ ತಾನೂ ಆಗಬೇಕೆಂದು ಬಯಸಿದ ಬಾಲಕನಿಗೆ, ತಾನು ಮಾಡದ ತಪ್ಪಿನ ಲೆಕ್ಕವನ್ನು ಮೊದಲು ಒಪ್ಪಿಸಬೇಕಾಗಿ ಬರುತ್ತಿತ್ತು.

೬

ಹಾಗಾದರೆ ಈ ಮಕ್ಕಳನ್ನು ಸಂಸಾರಸ್ಥರು ದತ್ತು ತೆಗೆದುಕೊಳ್ಳಲಿಲ್ಲವೇಕೆ ಎಂಬ ಪ್ರಶ್ನೆ ಏಳುತ್ತದೆ. ಇದಕ್ಕೆ ಹೃದಯಕ್ಕಿಂತ ಕಾನೂನಿನಲ್ಲಿ ಉತ್ತರವಿದೆ. ಹಿಂದೂಗಳ ದತ್ತಕಕ್ಕೆ ಪರಂಪರೆಯ ಆಧಾರವಿದ್ದು ೧೯೫೬ರಲ್ಲಿ ಅದು ಶಾಸನರೂಪವನ್ನು ಪಡೆಯಿತು. ಕ್ರೈಸ್ತರಿಗೆ ಅಂಥ ಶಾಸನವಿರಲಿಲ್ಲ. ೧೮೯೦ರ ಪಾಲಕರ ಮತ್ತು ಪಾಲ್ಯರ ಶಾಸನದ ಮೇರೆಗೆ ಕ್ರೈಸ್ತ ದಂಪತಿಗಳು ಮಗುವಿನ ಪಾಲಕರಾಗಬಹುದಾಗಿತ್ತೇ ಹೊರತು ತಂದೆತಾಯಿಗಳಾಗುವಂತಿರಲಿಲ್ಲ. ಪಾಲಕತ್ವವೆಂಬುದು ಮಗು ಪ್ರಾಪ್ತವಯಸ್ಕವಾದ ದಿನ ತಾನಾಗಿಯೇ ಮುಗಿಯುತ್ತದೆ. ವಾರಸು ಹಕ್ಕು ಹುಟ್ಟುವುದಿಲ್ಲ. ಎಂದರೆ, ಅನಾಥಾಲಯದಿಂದ ಮನೆಗೆ ಹೋದ ಮಗುವಿಗೂ ಕಾನೂನಿನ ಕಣ್ಣಿನಲ್ಲಿ ಹೊರಬಾಗಿಲು ತಪ್ಪಲಿಲ್ಲ. ೨೦೦೦ದ ಬಾಲನ್ಯಾಯ ಶಾಸನ ಮತ್ತು ಅದರ ೨೦೦೬ರ ತಿದ್ದುಪಡಿಗಳು ಮತಭೇದವಿಲ್ಲದೆ ಪೂರ್ಣ ದತ್ತಕಕ್ಕೆ ದಾರಿಮಾಡಿಕೊಟ್ಟವು. ಅದಕ್ಕೆ ಮುಂಚಿನ ಒಂದು ಶತಮಾನದ ಮಕ್ಕಳಿಗೆ ಆ ಲಾಭ ದೊರೆಯಲಿಲ್ಲ.

ಸರಕಾರದ ದೃಷ್ಟಿ ಅನಾಥಾಲಯಗಳ ಮೇಲೆ ಬಿದ್ದುದು ಮೆಲ್ಲಮೆಲ್ಲನೆ. ೧೯೨೪ರಲ್ಲಿಯೂ ಪುನಃ ೧೯೪೮ರಲ್ಲಿಯೂ ಮುಂಬಯಿ ಪ್ರಾಂತದ ಮಕ್ಕಳ ಶಾಸನಗಳಾದವು. ೧೯೫೬ ಮತ್ತು ೧೯೬೦ರಲ್ಲಿ ಕೇಂದ್ರ ಶಾಸನಗಳು ಇಂಥ ಗೃಹಗಳಿಗೆ ಅನುಮತಿ, ತಪಾಸಣೆಗಳನ್ನು ವಿಧಿಸಿದವು. ಹಾಸಿಗೆಗಳ ಅಂತರ, ಅಡಿಗೆಮನೆಯ ಶುಚಿ, ದಾಖಲೆ ಪುಸ್ತಕ, ಇವೆಲ್ಲ ತಪಾಸಣೆಗೆ ಒಳಪಟ್ಟವು. ಇವೆಲ್ಲವೂ ಅಗತ್ಯವೇ, ಆದರೆ ಇವೆಲ್ಲವೂ ಒಳಗಿನ ವಿಷಯಗಳು.

ಇದೇ ಕಾಲದಲ್ಲಿ ಅಂಧೇರಿಯ ಸೇಂಟ್ ಕ್ಯಾಥರೀನ್ಸ್ ಹೋಮಿನ ಸಂಬಂಧವಾಗಿ ನಡೆದ ಸಂಗತಿಯೊಂದು ಗಮನಾರ್ಹವಾದುದು. ಅಲ್ಲಿಯ ಜರ್ಮನ್ ಸಂನ್ಯಾಸಿನಿ ಸಿಸ್ಟರ್ ಆನ್ನಾ ಹುಬರ್ಟಾ ಅವರ ಸೇವೆಯ ವಿಷಯ ತಿಳಿದ ಬಾನ್ ನಗರದ ಶಿಕ್ಷಕಿ ರೋಸಿ ಗೋಲ್ಮನ್ ತಮ್ಮ ನಾಡಿನಲ್ಲಿ ನೆರವು ಕೂಡಿಸತೊಡಗಿದರು. ಆ ಪ್ರಯತ್ನವೇ ೧೯೬೭ರಲ್ಲಿ ‘ಅಂಧೇರಿ ಹಿಲ್ಫೆ’ ಎಂಬ ನೋಂದಾಯಿತ ಸಂಸ್ಥೆಯಾಯಿತು. ಮುಂಬಯಿಯ ಒಂದು ಉಪನಗರದ ಹೆಸರು ಜರ್ಮನ್ ಭಾಷೆಯಲ್ಲಿ ಸಹಾಯಕ್ಕೆ ಪರ್ಯಾಯವಾದುದು ಹೀಗೆ. ಆದರೆ ಗಮನಿಸಬೇಕಾದುದು ಮುಂದಿನ ಹೆಜ್ಜೆ. ಅನಾಥ ಮಕ್ಕಳಿಗಾಗಿ ಹುಟ್ಟಿದ ಆ ಸಂಸ್ಥೆ ಕ್ರಮೇಣ ಹಳ್ಳಿಗಳ ಸ್ವಾವಲಂಬನದ ಕೆಲಸದ ಕಡೆಗೆ ತಿರುಗಿತು. ಮಗುವನ್ನು ತಾಯಿಯಿಂದ ಅಗಲಿಸುವ ಬಡತನವೇ ತೊಲಗದೆ ಮಂಚಗಳ ಸಂಖ್ಯೆಯನ್ನು ಹೆಚ್ಚಿಸಿ ಫಲವೇನೆಂಬ ವಿಚಾರ ಅದರ ಹಿಂದಿತ್ತು.

ವಿದೇಶಕ್ಕೆ ದತ್ತುಹೋದ ಮಕ್ಕಳ ವಿಷಯ ಬೇರೊಂದು ಕವಲು. ಆ ವ್ಯವಹಾರದಲ್ಲಿ ನಡೆಯಬಹುದಾದ ದುರುಪಯೋಗಗಳನ್ನು ತಡೆಯಲು ೧೯೮೪ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮೀಕಾಂತ ಪಾಂಡೆ ಮೊಕದ್ದಮೆಯಲ್ಲಿ ವಿವರವಾದ ನಿಯಮಗಳನ್ನು ವಿಧಿಸಿತು. ಹಾಗೆ ಹೋದ ಮಕ್ಕಳಲ್ಲಿ ಎಷ್ಟೋ ಮಂದಿ ದೊಡ್ಡವರಾಗಿ ಈ ನಗರಕ್ಕೆ ತಮ್ಮ ಮೂಲವನ್ನು ಹುಡುಕಿಕೊಂಡು ಬಂದಿದ್ದಾರೆ. ಮನೆ, ಹಣ, ವಿದ್ಯೆ ಎಲ್ಲ ದೊರೆತವರೂ ಕಡೆಗೆ ಕೇಳುವುದು ಅದೇ ಪ್ರಶ್ನೆ: ಊರು ಯಾವುದು?

೭

ಇಪ್ಪತ್ತನೆಯ ಶತಮಾನದ ಮಧ್ಯದಲ್ಲಿ ಲೋಕದ ವಿಚಾರವೇ ಬದಲಾಯಿತು. ೧೯೪೯ರಲ್ಲಿ ಆಸ್ಟ್ರಿಯದ ಹರ್ಮನ್ ಗ್ಮೈನರ್ ಇಮ್ಸ್ಟ್ ಎಂಬಲ್ಲಿ ಒಬ್ಬ ತಾಯಿಯ ಸುತ್ತ ಕೆಲವೇ ಮಕ್ಕಳಿರುವ ಮನೆಗಳ ಗ್ರಾಮವನ್ನು ಆರಂಭಿಸಿದರು. ೧೯೫೧ರಲ್ಲಿ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಬರೆದ ವರದಿಯು, ಎಳೆಯ ಮಗುವಿಗೆ ಒಬ್ಬಳೇ ತಾಯಿಯ ಅಥವಾ ತಾಯಿಯಂಥವಳ ನಿರಂತರವಾದ ಒಡನಾಟ ಅನ್ನದಷ್ಟೇ ಅವಶ್ಯವೆಂದು ಪ್ರತಿಪಾದಿಸಿತು. ಮುಂಬಯಿಯಲ್ಲಿ ಈ ದಿಕ್ಕಿನ ಮೊದಲ ಹೆಜ್ಜೆಗಳಲ್ಲೊಂದು ೧೯೬೨ರಲ್ಲಿ ಸ್ಪೇನಿನ ಜೆಸ್ವಿತ ಪಾದ್ರಿ ರಿಕಾರ್ಡೊ ಫ್ರಾನ್ಸಿಸ್ ಸ್ಥಾಪಿಸಿದ ಸ್ನೇಹಸದನ. ಇಲ್ಲಿ ದೊಡ್ಡ ಮಲಗುಕೋಣೆಗೆ ಬದಲಾಗಿ ಸಣ್ಣ ಮನೆಗಳು. ಮೇಲ್ವಿಚಾರಕರಿಗೆ ಬದಲಾಗಿ ಗೃಹಸ್ಥ ದಂಪತಿಗಳು. ರೈಲು ನಿಲ್ದಾಣಗಳಲ್ಲಿ ಮಲಗುತ್ತಿದ್ದ ಮಕ್ಕಳು ಅಲ್ಲಿ ಪೇಟೆಗೆ ಹೋಗಿ ತರಕಾರಿ ತಂದರು, ನೆರೆಹೊರೆಯ ಮಕ್ಕಳೊಡನೆ ಶಾಲೆಗೆ ಹೋದರು, ಅವರವರ ಮತದ ಹಬ್ಬಗಳನ್ನು ಆಚರಿಸಿದರು. ಸಣ್ಣ ಸಂಗತಿಗಳಂತೆ ಕಾಣುವ ಇವೇ ಹೊರಬಾಗಿಲಿನ ನಿಜವಾದ ಸಿದ್ಧತೆ. ೧೫೫೯ರ ರಾಜಾಜ್ಞೆಯಿಂದ ಇಲ್ಲಿಯ ವರೆಗಿನ ದೂರವನ್ನು ಅಳೆಯಬೇಕಾದವರು ಆ ಕೊನೆಯ ಸಂಗತಿಯನ್ನು ಗಮನಿಸಬೇಕು.

ಕತ್ತಲೆಯ ಭಾಗವೂ ಬೆಳಕಿಗೆ ಬರದೆ ಉಳಿ‍ಯಲಿಲ್ಲ. ಐರ್ಲೆಂಡಿನಲ್ಲಿ ಧಾರ್ಮಿಕ ಸಭೆಗಳು ನಡೆಸಿದ ಕೈಗಾರಿಕಾ ಶಾಲೆಗಳ ವಿಷಯವಾಗಿ ೨೦೦೯ರಲ್ಲಿ ಪ್ರಕಟವಾದ ರಯನ್ ಆಯೋಗದ ವರದಿಯು, ದಶಕಗಳ ಕಾಲ ಮಕ್ಕಳ ಮೇಲೆ ನಡೆದ ಹೊಡೆತ, ಉಪೇಕ್ಷೆ, ಅತ್ಯಾಚಾರಗಳನ್ನು ಸಾಕ್ಷಿಗಳ ಬಾಯಿಂದಲೇ ದಾಖಲಿಸಿತು. ಸಾಕ್ಷಿ ಹೇಳಿದವರು ಆ ಹೊತ್ತಿಗೆ ಮುದುಕರಾಗಿದ್ದರು. ಬಾಲ್ಯದಲ್ಲಿ ಅವರ ಮಾತನ್ನು ಕೇಳುವವರು ಹೊರಗೆ ಯಾರೂ ಇರಲಿಲ್ಲವೆಂಬುದೇ ಆ ಅನ್ಯಾಯಕ್ಕೆ ರಕ್ಷಣೆಯಾಗಿತ್ತು. ಒಂದು ದೇಶದ ತಪ್ಪನ್ನು ಇನ್ನೊಂದು ದೇಶದ ಸಂಸ್ಥೆಗಳಿಗೆ ಅಂಟಿಸುವುದು ಸಲ್ಲದು. ಆದರೆ ಅದರ ಪಾಠ ಸರ್ವತ್ರ ಅನ್ವಯಿಸತಕ್ಕದ್ದು. ಯಾವ ಮಗುವಿಗೆ ಹೊರಗೆ ನಂಟರಿಲ್ಲವೋ ಆ ಮಗುವಿಗೆ ಒಳಗೆ ರಕ್ಷಣೆಯೂ ಕಡಮೆ.

೮

೨೦೧೫ರ ಬಾಲನ್ಯಾಯ ಶಾಸನವು ಹೊರಬಾಗಿಲನ್ನು ಹೆಸರಿಟ್ಟು ಗುರುತಿಸಿದೆ. ಹದಿನೆಂಟು ತುಂಬಿ ಸಂಸ್ಥೆಯನ್ನು ಬಿಟ್ಟವರಿಗೆ ಇಪ್ಪತ್ತೊಂದರ ವರೆಗೆ ಕೊಡುವ ನೆರವನ್ನು ಅದು ‘ಅನುಪಾಲನೆ’ಯ ಅಂಗವೆಂದು ವ್ಯಾಖ್ಯಾನಿಸಿದೆ, ೨೦೧೬ರ ಮಾದರಿ ನಿಯಮಗಳು ವಿಶೇಷ ಸಂದರ್ಭಗಳಲ್ಲಿ ಮತ್ತೆರಡು ವರ್ಷಗಳ ಅವಕಾಶವನ್ನಿತ್ತಿವೆ. ಆದರೆ ಶಾಸನದ ೪೬ನೆಯ ಕಲಮು ಹಣದ ನೆರವನ್ನು ‘ಕೊಡಬಹುದು’ ಎನ್ನುತ್ತದೆ, ‘ಕೊಡತಕ್ಕದ್ದು’ ಎನ್ನುವುದಿಲ್ಲ. ಒಂದು ಕ್ರಿಯಾಪದದ ಈ ಅಂತರದಲ್ಲಿ ಎಷ್ಟೋ ಹದಿನೆಂಟರ ಹುಟ್ಟುಹಬ್ಬಗಳು ಬಂದುಹೋಗುತ್ತವೆ. ಮಹಾರಾಷ್ಟ್ರ ಸರಕಾರವು ೨೦೧೮ರಲ್ಲಿ ಅನಾಥರಿಗೆ ವಿದ್ಯಾಭ್ಯಾಸ ಮತ್ತು ಸರಕಾರಿ ಕೆಲಸಗಳಲ್ಲಿ ಶೇಕಡಾ ೧ರ ಮೀಸಲಾತಿಯನ್ನು ಘೋಷಿಸಿತು. ಜಾತಿಯ ಪ್ರಮಾಣಪತ್ರವಿಲ್ಲದೆ ಯಾವ ಗುಂಪಿಗೂ ಸೇರದೆ ಉಳಿದವರನ್ನು ರಾಜ್ಯವು ಒಂದು ಗುಂಪೆಂದು ಮನ್ನಿಸಿದ ಈ ನಿರ್ಣಯ ಚಿಕ್ಕದಾದರೂ ಅರ್ಥವತ್ತಾದುದು.

ಶಾಸನವು ಕೋಣೆಯ ಬಾಡಿಗೆಯನ್ನು ಕೊಡಬಲ್ಲುದು. ಬಾಡಿಗೆಗೆ ಕೊಡುವವನ ಮುಂದೆ ‘ಈತ ನಮ್ಮ ಹುಡುಗ’ ಎಂದು ನಿಂತು ಹೇಳುವವರನ್ನು ಶಾಸನ ಒದಗಿಸಲಾರದು. ಈ ನಗರದಲ್ಲಿ ಆ ಮಾತಿನ ಬೆಲೆ ಎಷ್ಟೆಂಬುದನ್ನು ಮುಂಬಯಿಯ ಕನ್ನಡಿಗರಷ್ಟು ಚೆನ್ನಾಗಿ ಬಲ್ಲವರು ವಿರಳ. ಆ ಮಾತಿನ ಬಲದಿಂದಲೇ ಅವರು ಹೊಟೇಲಿನ ಮೆಟ್ಟಿಲ ಕೆಳಗೆ ಮಲಗಿ, ರಾತ್ರಿಶಾಲೆಯಲ್ಲಿ ಓದಿ, ಗುಮಾಸ್ತರಾಗಿ, ವಕೀಲರಾಗಿ, ಉದ್ಯಮಿಗಳಾದರು. ಅವರ ಸಂಘಗಳು ವಿದ್ಯಾರ್ಥಿವೇತನ ಕೊಡುತ್ತವೆ, ವಧೂವರರನ್ನು ಸೇರಿಸುತ್ತವೆ, ಕಾಯಿಲೆಯವರನ್ನು ನೋಡಿಕೊಳ್ಳುತ್ತವೆ. ಅರ್ಜಿಯ ನಮೂನೆಯಲ್ಲಿ ಮಾತ್ರ ತಂದೆಯ ಹೆಸರು, ಮೂಲಸ್ಥಳ, ಮನೆತನ ಎಂಬ ಅಂಕಣಗಳು ತಪ್ಪದೆ ಇರುತ್ತವೆ. ಕಲಬುರ್ಗಿ, ವಿಜಾಪುರಗಳಿಂದ ಕಟ್ಟಡದ ಕೆಲಸಕ್ಕೆ ಬಂದ ಕೂಲಿಕಾರರ ಮಗುವೊಂದು ಇಲ್ಲಿಯ ಯಾವುದೋ ಆಶ್ರಮದಲ್ಲಿ ಬೆಳೆದು, ಬಾಲ್ಯದ ನಾಲ್ಕು ಕನ್ನಡ ಮಾತುಗಳನ್ನು ಬಿಟ್ಟು ಬೇರೇನನ್ನೂ ಉಳಿಸಿಕೊಳ್ಳದೆ ಹದಿನೆಂಟಕ್ಕೆ ಹೊರಬಂದರೆ, ಆ ಅಂಕಣಗಳಲ್ಲಿ ಏನನ್ನು ತುಂಬಬೇಕು?

ಇತಿಹಾಸ ಸಂಶೋಧಕರಿಗೂ ಇಲ್ಲೊಂದು ಕೆಲಸವಿದೆ. ಅನಾಥಾಲಯಗಳ ಪ್ರವೇಶದ ಪುಸ್ತಕಗಳೊಡನೆ ಕಸುಬಿನ ಕರಾರುಗಳನ್ನೂ ಧರ್ಮಕೇಂದ್ರಗಳ ವಿವಾಹ ದಾಖಲೆಗಳನ್ನೂ ಹೋಲಿಸಿ ಓದಬೇಕು. ಅಲ್ಲಿ ಬೆಳೆದು ಈಗ ವೃದ್ಧರಾದವರ ಮಾತುಗಳನ್ನು ಅವರ ಒಪ್ಪಿಗೆಯಿಂದ ಬರೆದಿಟ್ಟುಕೊಳ್ಳಬೇಕು. ಸಂಘಗಳಿಗೆ ಇರುವ ಕೆಲಸ ಇದಕ್ಕಿಂತ ಸುಲಭ. ಅರ್ಜಿಯ ನಮೂನೆಯಲ್ಲಿ ಊರಿನ ಅಂಕಣವನ್ನು ಖಾಲಿ ಬಿಟ್ಟು ಬಂದವನಿಗೂ ವಿದ್ಯಾರ್ಥಿವೇತನ ಸಲ್ಲುವಂತೆ ನಿಯಮದಲ್ಲಿ ಒಂದು ಸಾಲನ್ನು ಸೇರಿಸಿದರೆ ಸಾಕು. ಊರಿನಿಂದ ಚೀಟಿ ತಂದವರು ಕಟ್ಟಿದ ಸಂಘವು ಚೀಟಿಯಿಲ್ಲದವನಿಗೆ ಒಂದು ಚೀಟಿ ಬರೆದುಕೊಡುವುದು ಅದರ ಮೂಲೋದ್ದೇಶಕ್ಕೆ ಹೊರಗಾದುದಲ್ಲ.